ಒಂದೇ ದಾರಕ್ಕೆ ಕಟ್ಟಿದ ಎರಡು ಕೀಲಿ

ಗಾಡಿ ಕೆಟ್ಟು ನಿಂತವನಿಗೇ ಗೊತ್ತು, ಹೈವೇ ಎಷ್ಟು ಉದ್ದ ಅಂತ...

ರಾಣೆಬೆನ್ನೂರು ದಾಟಿ ಸ್ವಲ್ಪ ದೂರ ಬಂದಿತ್ತಷ್ಟೇ. ಫಕ್ಕೀರೇಶನ ಪಿಕಪ್ ಒಮ್ಮೆ ಕೆಮ್ಮಿ ನಿಂತೇಬಿಟ್ಟಿತು. ಎಷ್ಟು ಕೀಲಿ ತಿರುಗಿಸಿದರೂ ಚಾಲೂ ಆಗಲಿಲ್ಲ.

ಹಿಂದೆ, ಗಾಡಿಗೇ ಬೆಸೆದ ದೊಡ್ಡ ಟ್ಯಾಂಕು. ಅದರ ತುಂಬ ಮೀನಿನ ಮರಿಗಳು...

ನೀರಿಗೆ ಗಾಳಿ ಕೊಡುವ ಪಂಪು ಓಡುವುದು ಎಂಜಿನ್ ಬಲದಿಂದ. ಎಂಜಿನ್ ನಿಂತರೆ ಮರಿಗಳ ಉಸಿರೂ ನಿಂತ ಹಾಗೆ.

ಪಕ್ಕದ ಸೀಟಿನಲ್ಲಿದ್ದ ಗಿರಿಜವ್ವ ಆಗಲೇ ಬಕೆಟ್ ಹಿಡಿದು ಮೇಲೆ ಹತ್ತಿದ್ದಳು. ಟ್ಯಾಂಕಿನ ನೀರನ್ನೇ ಮೊಗೆದು ಎತ್ತರದಿಂದ ಸುರಿಯತೊಡಗಿದಳು. ಹಾಗಾದರೂ ಒಂದಿಷ್ಟು ಗಾಳಿ ಸೇರಲಿ ಅಂತ.

ಅವಳ ಊರಿನ ಹೆಂಗಸರ ಸಂಘಕ್ಕೆ ಇದೇ ಮೊದಲ ಸಲ ಕೆರೆಯ ಗುತ್ತಿಗೆ ಸಿಕ್ಕಿತ್ತು. ಊರ ಗಂಡಸರು ಮುಸಿಮುಸಿ ನಕ್ಕಿದ್ದರು. ಆ ಹಂಗಾಮಿನ ಕೊನೆಯ ಮರಿಗಳು ಇವು... ಇವು ಸತ್ತರೆ ಈ ವರ್ಷ ಕೆರೆ ಖಾಲಿ, ಮುಂದೆ ಗುತ್ತಿಗೆಯೂ ಇಲ್ಲ.

ಫೋನ್ ಮಾಡಿದ ಕೂಡಲೇ ಮೆಕ್ಯಾನಿಕ್ ವಿರೂಪಾಕ್ಷ ಬೈಕ್ ಹತ್ತಿ ಬಂದ. ಸ್ಕ್ಯಾನರ್ ಹಚ್ಚಿ ನೋಡಿದವನ ಮುಖ ಸಣ್ಣದಾಯಿತು.

"ಇಸಿಎಂ ಹೋಗೇತಿ ಫಕ್ಕೀರೇಶಣ್ಣ. ಎಂಜಿನ್ನಿಗೆ ಮಿದುಳು ಇದ್ದಂಗ ಅದು. ಹೊಸಾದು ಹುಬ್ಬಳ್ಳಿಯಿಂದ ಬರಬೇಕು, ಕೀಲಿಗೆ ಹೊಂದಿಸಬೇಕು... ನಾಳೆ ಮಾತು."

"ನಾಳೆ ತನಕ ಮರಿ ಉಳಿತಾವೇನೋ?"

ವಿರೂಪಾಕ್ಷ ತಲೆ ಕೆರೆದುಕೊಂಡ. "ಇದೇ ಮಾಡೆಲ್ ಗಾಡಿದು ಇಸಿಎಂ ಸಿಕ್ಕರ ಈಗ ಚಾಲೂ ಮಾಡ್ತೀನಿ. ಆದ್ರ ಕೀಲಿ ಸಮೇತ ಬೇಕು. ತನ್ನ ಕೀಲಿ ಬಿಟ್ಟು ಬ್ಯಾರೇದರ ಗುರುತು ಹತ್ತಂಗಿಲ್ಲ ಅದಕ್ಕ... ಸನೇದಾಗ ಅಂಥಾ ಗಾಡಿ ಇರೋದು ದಾವಲಸಾಬಂದು ಒಂದ."

ಫಕ್ಕೀರೇಶ ಮುಖ ಆ ಕಡೆ ತಿರುಗಿಸಿದ.

ಇಬ್ಬರದೂ ಒಂದೇ ಸ್ಟ್ಯಾಂಡು, ಒಂದು ಕಾಲಕ್ಕೆ ಒಂದೇ ತಟ್ಟೆಯ ಊಟ. ಈ ಮೀನಿನ ಬಾಡಿಗೆ ಮೊದಲು ದಾವಲಸಾಬನಿಗೇ ಹೋಗಿತ್ತು. "ಅವನ ಗಾಡಿ ನಂಬಬ್ಯಾಡ್ರಿ, ನಡುದಾರ್ಯಾಗ ಕೈ ಕೊಡತೈತಿ" ಎಂದು ಗಿರಿಜವ್ವನ ಕಿವಿ ಊದಿ ಅದನ್ನು ಕಿತ್ತುಕೊಂಡವನು ಫಕ್ಕೀರೇಶನೇ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ.

ಈಗ ನಡುದಾರಿಯಲ್ಲಿ ನಿಂತಿದ್ದು ಯಾರ ಗಾಡಿ ನೋಡಿ... ಆಕಾಶ ನೋಡಿ ಉಗುಳಿದರೆ ಬೀಳುವುದು ಮುಖದ ಮೇಲೇ.

"ಅವನೊಬ್ಬ ಬ್ಯಾಡ" ಎಂದ.

ಮೇಲಿನಿಂದ ಗಿರಿಜವ್ವನ ದನಿ ಬಂತು. "ನಿಮ್ಮ ಜಗಳ ಮೀನಿಗೆ ಗೊತ್ತಿಲ್ಲ ತಮ್ಮಾ. ಫೋನ್ ಹಚ್ಚು ವಿರೂಪಾಕ್ಷ."

ದಾವಲಸಾಬ ಬಂದ. ಗಾಡಿಯನ್ನು ಹಿಂದೆ ನಿಲ್ಲಿಸಿ, ಇವರ ಗಾಡಿಗೆ ಒಂದು ಸುತ್ತು ಹಾಕಿ, ಬಗ್ಗಿ ಕೆಳಗೂ ನೋಡಿದ. ತನ್ನ ಗಾಡಿಯ ಇಸಿಎಂ ತಾನೇ ಬಿಚ್ಚಿ ವಿರೂಪಾಕ್ಷನ ಕೈಗಿಟ್ಟ.

ಕೀಲಿ ಮಾತ್ರ ಅವನ ಮುಷ್ಟಿಯಲ್ಲೇ ಇತ್ತು.

ವಿರೂಪಾಕ್ಷ ಕೂರಿಸಲು ಹೋದವನು ನಿಂತ. "ಅಣ್ಣ, ಮೊದಲಿಂದು ಯಾಕ ಸುಟ್ಟಿತು ಅಂತ ತಿಳೀದ ಹಾಕಿದ್ರ ಇದೂ ಸುಡಬಹುದು. ಏನರ ಕೆಲಸ ಮಾಡಿಸಿದ್ದೇನು ಗಾಡಿಗೆ?"

ಫಕ್ಕೀರೇಶ ಟ್ಯಾಂಕಿನತ್ತ ನೋಡಿದ.

ಮಾಡಿಸಿದ್ದ. ಬೆಳಿಗ್ಗೆ ಟ್ಯಾಂಕಿನ ಪಟ್ಟಿ ಅಲ್ಲಾಡುತ್ತಿತ್ತು ಎಂದು ವೆಲ್ಡಿಂಗ್ ಮಾಡಿಸಿದ್ದ. ಬ್ಯಾಟರಿ ವೈರ್ ಬಿಚ್ಚಬೇಕು, ಇಲ್ಲದಿದ್ದರೆ ಕರೆಂಟು ಹರಿದು ಗಾಡಿಯ ವೈರು ಸುಡಬಹುದು ಎಂದಿದ್ದ ವೆಲ್ಡರಿಗೆ, "ಟೈಮಿಲ್ಲ, ಹಂಗ ಹೊಡಿಯೋ" ಎಂದವನೂ ಇವನೇ.

ಹೇಳಿದರೆ ತಪ್ಪು ತನ್ನದೇ ಎಂದು ಗಿರಿಜವ್ವನಿಗೆ ಗೊತ್ತಾಗುತ್ತದೆ. ದಾವಲಸಾಬ ಇಸಿಎಂ ಎತ್ತಿಕೊಂಡು ಹೋಗಲೂಬಹುದು... ಹೇಳದಿದ್ದರೆ? ಏನೂ ಆಗದೆಯೂ ಇರಬಹುದಲ್ಲ...

"ಮರಿ ಬಾಯಿ ತಕ್ಕೊಂಡು ಮ್ಯಾಲ ಬರಾಕತ್ತಾವ್ರೋ..." ಗಿರಿಜವ್ವ ಮೇಲಿನಿಂದ ಕೂಗಿದಳು.

'ಏನೂ ಇಲ್ಲ' ಎಂಬ ಮಾತು ಫಕ್ಕೀರೇಶನ ನಾಲಿಗೆ ತುದಿಗೆ ಬಂದಿತ್ತು. ಆಗ ಹಿಂದೆ ನಿಂತಿದ್ದ ದಾವಲಸಾಬನ ಗಾಡಿ ಕಂಡಿತು. ಅವನ ಮನೆಯ ಅನ್ನ ಅದು. ಈಗ ಅದೂ ಬರೀ ಕಬ್ಬಿಣ.

"ವೆಲ್ಡಿಂಗ್ ಮಾಡಿಸೀನಿ..." ಎಂದ ತಲೆ ತಗ್ಗಿಸಿ. "ಬ್ಯಾಟರಿ ವೈರ್ ತಗಿಸಲಿಲ್ಲ. ತಪ್ಪು ನಂದ."

ವಿರೂಪಾಕ್ಷ ಗಾಡಿ ಕೆಳಗೆ ನುಸುಳಿದ. ಹೊಸ ವೆಲ್ಡಿಂಗ್ ಹತ್ತಿರವೇ ಒಂದು ವೈರು ಕರಗಿ, ತಾಮ್ರ ಕಬ್ಬಿಣಕ್ಕೆ ತಾಗಿಕೊಂಡಿತ್ತು. "ಇದನ್ನ ನೋಡದ ಹಾಕಿದ್ರ ದಾವಲಣ್ಣಂದೂ ಹೋಗತಿತ್ತು" ಎಂದು ಗಡಿಬಿಡಿಯಲ್ಲಿ ಟೇಪು ಸುತ್ತಿದ.

ಆಗ ದಾವಲಸಾಬ ಮುಷ್ಟಿ ಬಿಚ್ಚಿದ.

"ಬಂದ ಕೂಡಲೇ ವೆಲ್ಡಿಂಗ್, ಕರಗಿದ ವೈರ್ ಎರಡೂ ನೋಡೀನಿ ನಾನು. ನೀ ಹೇಳ್ತೀಯೋ ಇಲ್ಲೋ ಅಂತ ನಿಂತಿದ್ದೆ."

"ಹೇಳದಿದ್ರ?"

"ನಾನ ವೈರ್ ತೋರಿಸಿ ಕೀಲಿ ಕೊಡ್ತಿದ್ದೆ. ಮರಿ ಏನ್ ತಪ್ಪು ಮಾಡ್ಯಾವ... ಆದ್ರ ಜೀವ ಇರೋತನಕ ನಿನ್ನ ಕೂಡ ಮಾತಾಡ್ತಿದ್ದಿಲ್ಲ."

ಫಕ್ಕೀರೇಶನ ಕಣ್ಣು ತುಂಬಿ ಬಂತು.

ಈ ಗಾಡಿಯ ಬೀಗ ತಿರುಗಲು ಇವನ ಕೀಲಿ ಬೇಕು... ಇಸಿಎಂಗೆ ಗುರುತು ಸಿಗಲು ಅವನ ಕೀಲಿ ಪಕ್ಕದಲ್ಲೇ ಇರಬೇಕು. ವಿರೂಪಾಕ್ಷ ಎರಡನ್ನೂ ಒಂದೇ ದಾರಕ್ಕೆ ಬಿಗಿದು ಕಟ್ಟಿಕೊಟ್ಟ.

ಫಕ್ಕೀರೇಶ ಉಸಿರು ಹಿಡಿದು ತಿರುಗಿಸಿದ.

ಎಂಜಿನ್ ಚಾಲೂ ಆಯಿತು. ಟ್ಯಾಂಕಿನಲ್ಲಿ ಗುಳುಗುಳು ಗಾಳಿಯ ಗುಳ್ಳೆ ಎದ್ದಿತು. ಬೊಗಸೆಯಷ್ಟು ಮರಿ ಸತ್ತಿದ್ದವು... ಉಳಿದವು ಮೆಲ್ಲಗೆ ತಳಕ್ಕಿಳಿದವು. ಗಿರಿಜವ್ವ ಬಕೆಟ್ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು.

"ದಾವಲಣ್ಣ... ನಿನ್ನ ಗಾಡಿ?" ಎಂದ ಫಕ್ಕೀರೇಶ.

"ಇಲ್ಲೇ ಕಾಯ್ಕೊಂಡು ಕುಂದರ್ತೀನಿ. ಮರಿ ಕೆರಿಗೆ ಬಿಟ್ಟು ಬಾ." ದಾವಲಸಾಬ ಬಾಗಿಲು ತಟ್ಟಿದ. "ಬರೋವಾಗ ಚಾ ತಗೊಂಡು ಬಾ. ಕೂಡೇ ಕುಡ್ಯೂಣು."

ಊರು ಬರುವವರೆಗೂ ಆ ಎರಡು ಕೀಲಿ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಲೇ ಇದ್ದವು. ಫಕ್ಕೀರೇಶ ಕಣ್ಣು ಒರೆಸಿಕೊಳ್ಳುತ್ತಲೇ ಗಾಡಿ ಓಡಿಸಿದ.

*

*ಕೆಟ್ಟ ಗಾಡಿಗೆ ಒಂದು ಬಿಡಿಭಾಗ ಸಾಕು... ಕೆಟ್ಟುಹೋದ ಸ್ನೇಹಕ್ಕೆ ಒಂದು ನಿಜ ಬೇಕು.*

'ಏನೂ ಇಲ್ಲ' ಎಂದು ನೀವು ನುಂಗಿಕೊಂಡಿರುವ ಮಾತು ಯಾವುದು? ಅದನ್ನು ಕೇಳಲು ಮುಷ್ಟಿಯಲ್ಲಿ ಕೀಲಿ ಹಿಡಿದು ಯಾರು ಕಾಯುತ್ತಿದ್ದಾರೆ?