ಎಣ್ಣೆ ಬಾಟಲಿ

ರೇಸಿನ ದಿನ ಲಾಯದ ಗೇಟಿನಲ್ಲಿ ಅವಳು ಬಂದವರ ಚೀಲಗಳನ್ನು ತಡಕಿ ನೋಡುತ್ತಿದ್ದಳು. ಲೈಸೆನ್ಸು ಇದ್ದದ್ದು ಒಳಗಿನ ಬಾರಿಗೆ ಮಾತ್ರ. ಹೊರಗಿನಿಂದ ಯಾರೂ ಬಾಟಲಿ ತರುವಂತಿರಲಿಲ್ಲ. ಈ ಗೇಟಿನ ಡ್ಯೂಟಿಯನ್ನು ಅವಳೇ ಕೇಳಿ ಹಾಕಿಸಿಕೊಂಡಿದ್ದಳು. ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಗಂಡ ಮರಿಸ್ವಾಮಿ, ಕುಡಿತ ಬಿಟ್ಟೆನೆಂದು ಅವಳ ತಲೆ ಮುಟ್ಟಿ ಆಣೆ ಮಾಡಿದ್ದ. ಆದರೆ ನಿನ್ನೆ ಫೋನಿನಲ್ಲಿ ಅವನು ಪಿಸುಗುಟ್ಟಿದ್ದು ಕೇಳಿಸಿತ್ತು: "ಎಣ್ಣೆ ಲಾಯಕ್ಕೇ ತಂದ್ಬುಡಿ. ಮನೇಲಿ ಗೊತ್ತಾಗ್ಬಾರ್ದು."

'ಬಂದು ಕರೆದುಕೊಂಡು ಹೋಗು' ಎಂದು ಅಣ್ಣನಿಗೆ ಬರೆದ ಕಾಗದ ಎಷ್ಟೋ ತಿಂಗಳಿಂದ ಅವಳ ಪರ್ಸಿನಲ್ಲೇ ಇತ್ತು.

ಒಬ್ಬ ಮುದುಕಿಯ ಚೀಲದಲ್ಲಿ ಬಾಟಲಿ ಸಿಕ್ಕಿತು.

"ಏನಜ್ಜಿ ಇದು?"

"ಎಣ್ಣೆ ಕಣವ್ವ. ಮರಿಸ್ವಾಮಿಗೆ ಕೊಡ್ಬೇಕು."

"ಎಷ್ಟು ಧೈರ್ಯ ನಿಂಗೆ! ಬಾಯ್ಬಿಟ್ಟು ಬೇರೆ ಹೇಳ್ತೀಯಲ್ಲ!"

ಮುಚ್ಚಳ ತಿರುಗಿಸಿ ಮೂಸಿದಳು. ಅಪ್ಪಟ ಕೊಬ್ಬರಿ ಎಣ್ಣೆ. ಅವಳಿಗೆ ನಗು ಬಂತು, ಕಣ್ಣೂ ಒದ್ದೆಯಾಯಿತು.

"ಕುದುರೆ ಕಾಲಿಗಾ ಅಜ್ಜಿ?"

"ಕುದುರೆಗ್ಯಾಕವ್ವ? ಅವನ ಕೂಸಿಗೆ. ನನ್ ಮಗಳು ಹೋದ ವಾರ ಹೆತ್ಲು."

ಅವಳು ಮುಚ್ಚಳ ಬಿಗಿಮಾಡಿ, ಬಾಟಲಿಯನ್ನು ಚೀಲದಲ್ಲಿಟ್ಟು ಅಜ್ಜಿಯನ್ನು ಒಳಗೆ ಬಿಟ್ಟಳು. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಅಣ್ಣನಿಗೆ ಬರೆದಿದ್ದ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿದಳು.