ಮುಟ್ಟಿದ ಕುದುರೆ

ಎರಡನೆಯ ನಡೆಗೇ ದರ್ಜಿ ಕಾಲಾಳೊಂದನ್ನು ಮುಂದೆ ತಳ್ಳಿ, ಬೇಕಾದರೆ ಹೊಡಿ ಎಂಬಂತೆ ಬಿಟ್ಟ.

"ಗ್ಯಾಂಬಿಟ್!" ಹಿಂದಿನ ಬೆಂಚಿನಲ್ಲಿ ಪೋಸ್ಟ್‌ಮಾಸ್ತರರು ಉಸಿರೆಳೆದರು. "ಕೊಟ್ಟ ಹಾಗೆ ಕಾಣ್ಸುತ್ತೆ, ಗಾಳ ಅದು!"

ಎದುರಿಗಿದ್ದ ಗಡಿಯಾರ ರಿಪೇರಿಯವನು ಅದನ್ನು ಮೂಸಿಯೂ ನೋಡಲಿಲ್ಲ. ಇಬ್ಬರೂ ಷಡ್ಡಕರು, ಒಬ್ಬನ ಹೊಟ್ಟೆಯೊಳಗಿನದು ಇನ್ನೊಬ್ಬನಿಗೆ ಗೊತ್ತು.

ಚೆಸ್ ಸಂಘದ ಫೈನಲ್ ಏನೋ ಹೌದು. ಆದರೆ ಇಬ್ಬರ ಕಣ್ಣೂ ಬಾಗಿಲ ಬಳಿ ಟ್ರಂಕಿನ ಮೇಲೆ ಕೂತಿದ್ದ ಅತ್ತೆಯ ಕಡೆಗೇ. ಮೂವತ್ತು ವರ್ಷ ಹೆಡ್‌ಮಿಸ್ ಆಗಿದ್ದವರು. ಅಳಿಯಂದಿರಿಗೆ ಚೆಸ್ ಕಲಿಸಿದವರೂ ಅವರೇ. ಗೊರಕೆ ಹೊಡೆದರೆ ಕಿಟಕಿ ನಡುಗುತ್ತದೆ. ಅಂಗಡಿ ಬೋರ್ಡಿನಲ್ಲಿ ಒಂದು ಕೊಂಬು ತಪ್ಪಿದರೂ ಬೈಗುಳ ಗ್ಯಾರಂಟಿ.

"ನಿಮ್ಮ ಎಳೆದಾಟ ನೋಡಿ ಸಾಕಾಯ್ತು. ಸೋತವರ ಮನೆಗೆ ನಾನು. ಇನ್ನು ಮಾತಿಲ್ಲ," ಎಂದು ತೀರ್ಪು ಕೊಟ್ಟಿದ್ದರು.

ವಾರದಿಂದ ಷಡ್ಡಕರಿಗೆ ನಿದ್ದೆಯಿಲ್ಲ. ಯಾವುದಕ್ಕೂ ಇರಲಿ ಎಂದು ದರ್ಜಿ ಮೆತ್ತನೆಯ ದಿಂಬೊಂದನ್ನು ಹೊಲಿದಿಟ್ಟಿದ್ದ. ಗಡಿಯಾರದವನು ನಡುಮನೆಗೆ ದಪ್ಪ ಅಂಕಿಗಳ ಗಡಿಯಾರ ತಗುಲಿಹಾಕಿದ್ದ.

ಆಟ ಬಿಸಿಯೇರಿತು. ದರ್ಜಿ ಆನೆ ಬಿಟ್ಟ; ಗಡಿಯಾರದವನು ಒಂಟೆ ಬಿಟ್ಟ. ಒಬ್ಬ ಮಂತ್ರಿಯನ್ನೇ ಬಾಯಿಗಿಟ್ಟರೆ ಇನ್ನೊಬ್ಬ ಮುಖ ತಿರುಗಿಸಿದ. "ಎಂಥ ಎದೆಗಾರಿಕೆ!" ಎಂದರು ಪೋಸ್ಟ್‌ಮಾಸ್ತರರು. ಗಡಿಯಾರದವನ ರಾಜ ತನ್ನವರ ನಡುವೆ ಒತ್ತಿಕೊಂಡು ಮೂಲೆ ಸೇರಿದ. ಭದ್ರ ಕೋಟೆ ಎಂದು ಎಲ್ಲರೂ ತಲೆದೂಗಿದರು.

ದರ್ಜಿ ಬೆವರೊರೆಸಿಕೊಂಡ. ಉಳಿದಿದ್ದ ಆನೆಯನ್ನು ಸರಿಸಲು ಕೈ ಚಾಚಿದ. ಬೆರಳಿನಿಂದ ತೆಗೆಯಲು ಮರೆತಿದ್ದ ಹೊಲಿಗೆಯ ಅಂಗುಸ್ತಾನ ಪಕ್ಕದ ಕುದುರೆಗೆ ಟಣ್ಣೆಂದು ತಗುಲಿತು.

"ಮುಟ್ಟಿದ್ದನ್ನ ನಡೆಸ್ಬೇಕು, ಅಳಿಯಂದ್ರೇ," ಟ್ರಂಕಿನ ಮೇಲಿಂದ ದನಿ ಬಂತು.

"ಕೈ ತಪ್ಪಿ ತಗುಲ್ತು, ಅತ್ತೆ..."

"ನಾನು ಕಲಿಸಿದ್ದು ಹಾಗಾ?"

ಕುದುರೆಗೆ ಉಳಿದಿದ್ದದ್ದು ಒಂದೇ ಮನೆ. ದರ್ಜಿ ಅದನ್ನು ಅಲ್ಲಿಗೆ ಎತ್ತಿಟ್ಟ. ಮೂಲೆಯ ರಾಜನಿಗೆ ಅಲುಗಾಡಲು ಜಾಗವಿರಲಿಲ್ಲ. ಚೆಕ್‌ಮೇಟ್!

ಚಪ್ಪಾಳೆಯೋ ಚಪ್ಪಾಳೆ. ಪೋಸ್ಟ್‌ಮಾಸ್ತರರು ದರ್ಜಿಯ ಕೈಗೆ ಕಪ್ ಕೊಟ್ಟರು. ಗಡಿಯಾರದವನು ಕೈಕುಲುಕಲೂ ನಿಲ್ಲಲಿಲ್ಲ. ಟ್ರಂಕನ್ನು ಹೆಗಲಿಗೇರಿಸಿ, ಅತ್ತೆಯ ಕೈ ಹಿಡಿದು, ಯಾರಾದರೂ ತಡೆದಾರೆಂಬಂತೆ ದಡದಡ ಮೆಟ್ಟಿಲಿಳಿದ.

ದರ್ಜಿ ಕಪ್ಪನ್ನು ಅವುಚಿಕೊಂಡು ಬಿಕ್ಕಿದ. ಆಟ ನೋಡಲು ಬಂದಿದ್ದ ಹೆಂಡತಿ ಹಣೆ ಚಚ್ಚಿಕೊಂಡಳು: "ನೆಟ್ಟಗೆ ಸೋಲೋಕೂ ಬರಲ್ವೇನ್ರೀ ನಿಮಗೆ? ಅಮ್ಮನ್ನ ಅವರೇ ಹೊಡ್ಕೊಂಡು ಹೋದ್ರಲ್ಲ!"