ಗೋಡೆಯಾಚೆಯ ದನಿ

"ಇದರ ಮನೆ ಹಾಳಾಗ! ಮೈಗೆಲ್ಲ ಸೋಪು ಹಚ್ಚಿಕೊಂಡ ಮೇಲೇ ನೀರು ನಿಲ್ಲಬೇಕಾ?" ಪಕ್ಕದ ಕೋಣೆಯ ಗಂಡಸು ನಲ್ಲಿಯನ್ನು ಬೈದದ್ದು ತೆಳು ಗೋಡೆಯಾಚೆಯಿಂದ ಕೇಳಿದ್ದೇ ಮಬ್ರೂಕಾಳ ಕೈಯಿಂದ ಚಹಾದ ಲೋಟ ಜಾರಿತು. ಅದು ಅವಳ ತಮ್ಮ ಶುಕ್ರಿಯ ದನಿ. ಇಟಲಿಗೆ ಕದ್ದು ಹೊರಟ ದೋಣಿ ಮುಳುಗಿದಾಗ ಅವಳ ಗಂಡ ಲಝ್ಹರನ ಜೊತೆ ಸತ್ತುಹೋದ ತಮ್ಮ. ಸತ್ತ ಇಬ್ಬರ ಹೆಸರಲ್ಲೂ ಒಟ್ಟಿಗೇ ಕುರಾನ್ ಓದಿಸಿ ವರ್ಷವಾಗಿತ್ತು.

ಖರ್ಜೂರ ಕೊಳ್ಳಲು ತೋಜೂರಿಗೆ ಬಂದು ಈ ಅಗ್ಗದ ಹೋಟೆಲಿನಲ್ಲಿ ಇಳಿದಿದ್ದ ಅವಳು ಬರಿಗಾಲಲ್ಲೇ ಓಡಿ ಪಕ್ಕದ ಬಾಗಿಲು ಬಡಿದಳು. ತೆರೆದವನ ಕಿವಿಯಲ್ಲಿ ಇನ್ನೂ ನೊರೆಯಿತ್ತು. ಅವಳು ಅವನ ಕೆನ್ನೆಗೆ ಬಾರಿಸಿ, ಮರುಕ್ಷಣವೇ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬದುಕಿದ್ದೀಯೇನೋ, ಪಾಪಿ!"

"ನಾನು ದೋಣಿ ಹತ್ತಲೇ ಇಲ್ಲ, ಅಕ್ಕ. ಆ ನೀರು ನೋಡಿ ಹೆದರಿಬಿಟ್ಟೆ. ಯಾವ ಮುಖ ಇಟ್ಕೊಂಡು ಮನೆಗೆ ಬರ್ಲಿ?"

ಮಬ್ರೂಕಾಳ ಕಣ್ಣು ಅವನ ಭುಜದಾಚೆ ಹೊರಳಿತು. ಇನ್ನೊಂದು ಮಂಚದ ಮೇಲೆ ಯಾರೋ ಮುಸುಕು ಹೊದ್ದು ಮಲಗಿದ್ದರು. "ರೀ..." ಎನ್ನುತ್ತ ಧಾವಿಸಿ ಹೊದಿಕೆ ಸೆಳೆದಳು. ಗುರುತಿಲ್ಲದ ಮುದುಕನೊಬ್ಬ ಕಣ್ಣುಜ್ಜಿಕೊಳ್ಳುತ್ತ ಎದ್ದು ಕುಳಿತ.

"ಭಾವ ಹತ್ತಿದ್ರು, ಅಕ್ಕ," ಎಂದ ಶುಕ್ರಿ, ಬಾಗಿಲಲ್ಲೇ ನಿಂತು. "ನನ್ನನ್ನ ಹುಡುಕ್ಕೊಂಡು ಮತ್ತೆ ದಡಕ್ಕೆ ಇಳಿದೂ ಬಂದ್ರು. ಹೆಸರು ಹಿಡಿದು ಕೂಗಿ ಕೂಗಿ, ಕೊನೆಗೆ ಒಬ್ರೇ ವಾಪಸ್ ದೋಣಿ ಹತ್ತಿದ್ರು. ನಾನು ಬಂಡೆ ಹಿಂದೆ ಅಡಗಿ ಕೂತಿದ್ದೆ."